ಮೈಮೇಲಿನ ದಾರ

ಅನಂತರಾಜು ಆ ಮಾತನ್ನು ಆಡಿದ್ದು ಒಂದು ಭಾನುವಾರ ಮಧ್ಯಾಹ್ನ, ಹುರುಳಿಕಾಳಿನ ಬಸ್ಸಾರಿನಲ್ಲಿ ಎರಡನೇ ಮುದ್ದೆಯನ್ನು ಅದ್ದುತ್ತ. ಬಡಿಸುತ್ತಿದ್ದವಳು ಅವನ ಹೆಂಡತಿ ಶ್ವೇತ. ಉಳಿದ ಮೂವರೂ ಅಲ್ಲೇ ಇದ್ದರು: ಅಪ್ಪ ಮುನಿಯಪ್ಪ, ಅವ್ವ ಬೈರಮ್ಮ, ಚನ್ನಪಟ್ಟಣದಲ್ಲಿ ಬಿ.ಕಾಂ. ಓದುವ ಮಗಳು ನವ್ಯಶ್ರೀ.

ಜಗಳ ಸೀರೆಯದು. ಬರುವ ಗುರುವಾರ ರಾಮನಗರದ ಛತ್ರವೊಂದರಲ್ಲಿ ಊರಿನ ಹಾಲಿನ ಡೈರಿ ಅಧ್ಯಕ್ಷರ ಮಗಳ ಮದುವೆ. ಡೈರಿಯ ಚುನಾವಣೆ ಹತ್ತಿರ ಬಂದಿತ್ತು. ಅನಂತರಾಜು ನಿರ್ದೇಶಕನಾಗಲು ನಿಲ್ಲುವವನಿದ್ದ. ಮನೆಯ ಹೆಂಗಸರೆಲ್ಲ ಒಂದೇ ಥರ ಉಟ್ಟು ಸಾಲಾಗಿ ಬಂದರೆ ತೂಕ ಕಾಣುತ್ತದೆಂದು ಯಾರೋ ಅವನ ತಲೆಗೆ ತುಂಬಿದ್ದರು. ಅದಕ್ಕೆ ಬೆಂಗಳೂರಿನಿಂದ ಮೈತುಂಬ ಹರಳು ಅಂಟಿಸಿದ ಮೂರು ಮರೂನ್ ಸೀರೆ ಹೊತ್ತು ತಂದಿದ್ದ. ಶ್ವೇತ ಅದು ಕುತ್ತಿಗೆಗೆ ಚುಚ್ಚುತ್ತದೆ, ಹೋದ ಸಲ ಇಂಥದ್ದೇ ಉಟ್ಟು ಎಂಟು ದಿನ ಕೆರೆದುಕೊಂಡಿದ್ದೇನೆ, ಬೇರೆ ಯಾವುದಾದರೂ ಉಡುತ್ತೇನೆ ಎಂದಳು. ತಂದವನು ನಾನು, ಉಡು ಅಂದರೆ ಉಡಬೇಕು ಎಂದು ಅವನು. ಚುಚ್ಚುವುದು ನನ್ನ ಮೈಗೆ ತಾನೇ ಎಂದು ಅವಳು.

ಅನಂತರಾಜು ಮುದ್ದೆ ನುಂಗಿ ನಕ್ಕ. "ಮೈಯೇನೋ ನಿಂದೇ, ಯಾರ್ ಬ್ಯಾಡ ಅಂದೋರು? ಅದ್ರ ಮ್ಯಾಲಿರೋ ಒಂದೊಂದು ದಾರಾನೂ ನಂದು ಕಣೆ. ತಿಳ್ಕೊ."

ಬೈರಮ್ಮನಿಗೆ ಮಗ ಜಾಣತನದ ಮಾತಾಡಿದನೆಂದು ಖುಷಿಯಾಗಿ ಅವಳೂ ನಕ್ಕಳು. ನವ್ಯಶ್ರೀ ಫೋನಿನಿಂದ ತಲೆ ಎತ್ತಲಿಲ್ಲ. ಮುನಿಯಪ್ಪ ಒಸಿ ಮಜ್ಜಿಗೆ ಬಿಡವ್ವ ಎಂದ. ಶ್ವೇತ ಮಜ್ಜಿಗೆ ಬಿಟ್ಟಳು.

ಅನಂತರಾಜುವಿನ ಬಗ್ಗೆ ಇಷ್ಟು ಹೇಳಿದರೆ ಸಾಕು: ಅವನ ಬಳಿ ಹದಿನಾಲ್ಕು ಬಿಳಿ ಶರ್ಟುಗಳಿದ್ದವು, ಕೆಲಸ ಒಂದೂ ಇರಲಿಲ್ಲ. ಬೆಳಿಗ್ಗೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಜೇಬಿನಲ್ಲಿ ಎರಡು ಪೆನ್ನು ಸಿಕ್ಕಿಸಿ, ಹೆದ್ದಾರಿ ಪಕ್ಕದ ಹೋಟೆಲಿನ ಮುಂದೆ ಕಾರು ನಿಲ್ಲಿಸಿ ಕೂತರೆ ಊಟದ ಹೊತ್ತಿಗೆ ಮನೆ. ಆ ಪೆನ್ನುಗಳಲ್ಲಿ ಅವನು ಏನಾದರೂ ಬರೆದದ್ದನ್ನು ಹೆಂಡತಿ ಇಪ್ಪತ್ತು ವರ್ಷದಲ್ಲಿ ಕಂಡಿರಲಿಲ್ಲ. ಹಸು ಕರೆಯುವುದು, ಹುಲ್ಲು ತರುವುದು, ಅಡಿಗೆ, ಶರ್ಟಿಗೆ ಗಂಜಿ, ಎಲ್ಲವೂ ಅವಳದೇ.

ಪಾತ್ರೆ ತೊಳೆದಾದ ಮೇಲೆ ಶ್ವೇತ ಕೋಣೆಗೆ ಹೋಗಿ ಬೀರು ತೆಗೆದಳು. ಒಳಗೆ ಜಿಪ್ಪು ಹಾಕಿದ ಪ್ಲಾಸ್ಟಿಕ್ ಚೀಲಗಳಲ್ಲಿ ಸೀರೆಗಳು ಒತ್ತಿಕೊಂಡಿದ್ದವು. ಯಾರಯಾರದೋ ಗೃಹಪ್ರವೇಶ, ಯಾರಯಾರದೋ ಬೀಗರೂಟ. ಒಂದೊಂದನ್ನೂ ಒಂದು ಸಲ ಉಟ್ಟು ಫೋಟೊ ತೆಗೆಸಿಕೊಂಡು ಮಡಿಸಿಟ್ಟದ್ದು. ಅವನ್ನೆಲ್ಲ ಸರಿಸಿ ಕೆಳಗಿನ ಅರೆಯ ಹಿಂದಿನಿಂದ ಹಳೇ ದುಪ್ಪಟಿಯಲ್ಲಿ ಕಟ್ಟಿದ್ದ ಒಂದು ಗಂಟನ್ನು ಎಳೆದಳು.

ಗಂಟಿನಲ್ಲಿ ನಾಲ್ಕು ಚೂಡಿದಾರ್, ಎರಡು ರವಿಕೆ, ಎರಡು ಒಳಲಂಗ, ಒಂದು ಹತ್ತಿ ಸೀರೆ, ಒಂದು ಉಲ್ಲನ್ ಸ್ವೆಟರ್ ಇದ್ದವು. ಎಲ್ಲವೂ ಅವಳು ಮದುವೆಗೆ ಮುಂಚೆ ತನ್ನ ಕೈಯಾರೆ ಮಾಡಿಕೊಂಡವು. ಚನ್ನಪಟ್ಟಣದಲ್ಲಿ ಅತಿಯಾ ಎಂಬಾಕೆ, ಹುಡುಗಿಯರ ಪಾಲಿಗೆ ಆಪಾ, ತನ್ನ ಮನೆಯ ಮಹಡಿಯ ಮೇಲೆ ಹೊಲಿಗೆ ಕಲಿಸುತ್ತಿದ್ದಳು. ಶ್ವೇತ ಅಲ್ಲಿ ಒಂದೂವರೆ ವರ್ಷ ಕಲಿತಿದ್ದಳು. ಕಲಿಯುತ್ತಲೇ ಊರವರ ಸೀರೆ ಸೆರಗಿಗೆ ಕುಚ್ಚು ಕಟ್ಟಿ ಬಂದ ದುಡ್ಡಿನಲ್ಲಿ ಬಟ್ಟೆ ಕೊಂಡು, ತಾನೇ ಕತ್ತರಿಸಿ ಹೊಲಿದಿದ್ದಳು. ಹತ್ತಿ ಸೀರೆಯ ಅಂಚಿಗೆ ಸರಪಳಿ ಹೊಲಿಗೆಯಲ್ಲಿ ಮಾವಿನಕಾಯಿ ಹಾಕಲು ನಾಲ್ಕು ತಿಂಗಳು ಹಿಡಿದಿತ್ತು.

ಅವನ್ನು ಗಂಟು ಕಟ್ಟಿಸಿದವಳು ಬೈರಮ್ಮ. ಮದುವೆಯಾಗಿ ಬಂದ ಮೂರನೇ ದಿನ ಸೊಸೆಯ ಪೆಟ್ಟಿಗೆ ಜಾಲಾಡಿ ನೋಡಿ, ಕೈಲಾಗದವರ ಮನೆಯಲ್ಲಿ ಹೊಲಿದುಕೊಂಡು ಹಾಕಿಕೊಳ್ಳುತ್ತಾರೆ, ನಮ್ಮ ಮನೆಯಲ್ಲಿ ಕೊಂಡು ಹಾಕಿಕೊಳ್ಳುತ್ತೇವೆ ಎಂದಿದ್ದಳು. ಶ್ವೇತ ಆಗ ಇಪ್ಪತ್ತೊಂದರ ಹುಡುಗಿ. ನಾಚಿಕೆಯಾಗಿ ಗಂಟು ಕಟ್ಟಿದ್ದಳು.

ಈಗ ಒಂದೊಂದನ್ನೇ ತೊಟ್ಟು ನೋಡಿದಳು. ಸೀರೆ ಬಿಟ್ಟು ಎಲ್ಲವೂ ಬಿಗಿ. ತೋಳು ಏರಲಿಲ್ಲ, ಪಕ್ಕೆ ಹಿಡಿಯಿತು. ಆದರೆ ಅತಿಯಾ ಆಪಾ ತನ್ನ ಹುಡುಗಿಯರಿಗೆ ಎರಡು ಬೆರಳು ಬಟ್ಟೆಯನ್ನು ಒಳಗೆ ಬಿಡದೆ ಹೊಲಿಯಲು ಬಿಡುತ್ತಿರಲಿಲ್ಲ. ಹೆಣ್ಣಿನ ಮೈ ಒಂದೇ ಥರ ಇರುವುದಿಲ್ಲ, ಇವತ್ತಿನ ಮೈಗೆ ಹೊಲಿಯುವವಳು ದಡ್ಡಿ ಎನ್ನುತ್ತಿದ್ದಳು. ಶ್ವೇತ ಬ್ಲೇಡು ತಂದು ಪಕ್ಕದ ಹೊಲಿಗೆಗಳನ್ನು ಬಿಚ್ಚಿದಳು. ಒಳಗೆ ಮಡಿಚಿದ್ದ ಬಟ್ಟೆ ಬಿಸಿಲು ಕಾಣದೆ ಹೊಸದರ ಹಾಗೇ ಇತ್ತು, ಹೊರಗಿನದು ಮಾಸಿತ್ತು. ಕೈಹೊಲಿಗೆ ಹಾಕಿ ಅಗಲ ಮಾಡಿದಾಗ ಎರಡೂ ಪಕ್ಕೆಗಳಲ್ಲಿ ಉದ್ದಕ್ಕೆ ಕಡುಬಣ್ಣದ ಪಟ್ಟೆ ಎದ್ದು ಕಂಡಿತು.

ಮಾರನೆಯ ಬೆಳಿಗ್ಗೆ ಅವಳು ಹಸಿರು ಚೂಡಿದಾರ್ ತೊಟ್ಟು, ಬರಿಗಾಲಲ್ಲಿ, ಹಾಲಿನ ಕ್ಯಾನು ಹಿಡಿದು ಡೈರಿಗೆ ನಡೆದಳು. ಚಪ್ಪಲಿ ಗಂಡ ತಂದದ್ದು. ಅದನ್ನು ಬಾಗಿಲ ಮೂಲೆಯಲ್ಲಿ ಜೋಡಿಸಿಟ್ಟಿದ್ದಳು. ಕೊರಳಿನ ತಾಳಿ ಸರ ಅವಳ ತವರಿನವರೇ ಮಾಡಿಸಿಕೊಟ್ಟದ್ದರಿಂದ ಅದರ ಪ್ರಶ್ನೆ ಬರಲಿಲ್ಲ.

ಅನಂತರಾಜು ಮೊದಲ ದಿನ ನಕ್ಕ. ಹಾರೋಹಳ್ಳಿ ಗಾರ್ಮೆಂಟ್ಸಿಗೆ ಹೊರಟೆಯಾ ಎಂದು ಕೇಳಿದ. ಎರಡನೇ ದಿನ ನಗಲಿಲ್ಲ. ಬೈರಮ್ಮ ಮೊದಲ ದಿನವೇ ಶುರು ಮಾಡಿದ್ದಳು. ತಾನು ಎರಡು ಸೀರೆಯಲ್ಲಿ ಹತ್ತು ವರ್ಷ ಕಳೆದವಳು, ಇವಳಿಗೆ ಬೀರು ತುಂಬ ಇದ್ದು ಕೊಬ್ಬು ಎಂದು ಜಗುಲಿಯ ಮೇಲೆ ಕೂತು ಹೋಗುವವರಿಗೆಲ್ಲ ಹೇಳಿದಳು. ಯಾಕಂತೆ ಎಂದು ಕೇಳಿದವರಿಗೆ ಕಾರಣವನ್ನೂ ಹೇಳಿದಳು, ಮಗನ ಮಾತನ್ನು ಒಂದಕ್ಷರ ಬಿಡದ ಹಾಗೆ. ಮಗನಿಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದಳು.

ಗುರುವಾರ ಮದುವೆಗೆ ಶ್ವೇತ ಬರುವುದಿಲ್ಲ ಎಂದುಕೊಂಡಿದ್ದರು. ಅವಳು ಎಲ್ಲರಿಗಿಂತ ಮೊದಲೇ ತಯಾರಾಗಿ ಹೊರಗೆ ನಿಂತಿದ್ದಳು, ಮಾವಿನಕಾಯಿ ಅಂಚಿನ ಹತ್ತಿ ಸೀರೆ ಉಟ್ಟು. ಕಾರಿನಲ್ಲಿ ಕೂರುವಾಗ ಅನಂತರಾಜು ಅವಳನ್ನು ಮೇಲಿನಿಂದ ಕೆಳಗೆ ನೋಡಿ, ಕಾಲಿನಲ್ಲಿ ಏನೂ ಇಲ್ಲದ್ದನ್ನು ಕಂಡು, ನನ್ನ ಮರ್ಯಾದೆ ತೆಗೆಯಲೇಬೇಕು ಅಂತ ಇದ್ದೀಯಾ ಎಂದ. ಅವಳು ಹಿಂದಿನ ಸೀಟಿನಲ್ಲಿ ಮಾವನ ಪಕ್ಕ ಕೂತಳು. ಅತ್ತೆ, ಮಗಳು ಇಬ್ಬರೂ ಮರೂನ್. ನವ್ಯಶ್ರೀ ದಾರಿಯುದ್ದಕ್ಕೂ ಕುತ್ತಿಗೆ ಕೆರೆದುಕೊಳ್ಳುತ್ತಿದ್ದಳು.

ಛತ್ರದಲ್ಲಿ ಊಟದ ಪಂಕ್ತಿಗೆ ಕಾಯುವಾಗ ಅಧ್ಯಕ್ಷರ ಹೆಂಡತಿ ಅವಳನ್ನು ಹತ್ತಿರ ಕರೆದಳು. ಸುತ್ತ ಏಳೆಂಟು ಹೆಂಗಸರಿದ್ದರು. ಯಾಕಮ್ಮ, ನೀನೊಬ್ಬಳೇ ಬೇರೆ, ಕಾಲಲ್ಲೂ ಏನಿಲ್ಲ, ಹರಕೆಯಾ ಎಂದು ಆಕೆ ಕೇಳಿದಳು.

"ಹರಕೆ ಏನಿಲ್ಲ ಅಕ್ಕ," ಎಂದಳು ಶ್ವೇತ. "ಮೈಮ್ಯಾಲಿರೋ ದಾರ ಎಲ್ಲಾ ಅವರ್ದು ಅಂದ್ರು ನಮ್ ಯಜಮಾನ್ರು. ಅವರ್ದು ಅವರಿಗೇ ಇರ್ಲಿ ಅಂತ ಬೀರುಲಿ ಮಡಗಿವ್ನಿ. ಇದು ನಾನು ಹೊಲ್ಕೊಂಡಿದ್ದು."

ದನಿ ಎತ್ತಲಿಲ್ಲ, ಅಳಲಿಲ್ಲ. ಅದೇ ತೊಂದರೆಯಾಯಿತು. ಅತ್ತಿದ್ದರೆ ಹೆಂಗಸರು ಸಮಾಧಾನ ಮಾಡಿ ಮರೆಯುತ್ತಿದ್ದರು. ಈಗ ಮಾತು ಪಂಕ್ತಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಪಾಯಸಕ್ಕಿಂತ ಬೇಗ ಹೋಯಿತು. ಸೋಮವಾರದ ಹೊತ್ತಿಗೆ ಡೈರಿಯ ಮುಂದೆ ಅನಂತರಾಜುವಿಗೆ ಹೊಸ ಹೆಸರು ಬಿದ್ದಿತ್ತು. ಹೋಟೆಲಿನ ಬೆಂಚಿನಿಂದ ಯಾರೋ, ದಾರದ ಸಾಹುಕಾರ್ರಿಗೆ ಒಂದು ಟೀ ಕೊಡ್ಲಾ ಎಂದರು. ಅವನು ಟೀ ಕುಡಿಯದೆ ಎದ್ದು ಬಂದ.

ಎರಡನೇ ವಾರ ಶ್ವೇತಳ ಅಣ್ಣ ಬಾಲರಾಜು ಕುದೂರಿನಿಂದ ಬಂದ. ಅನಂತರಾಜುವೇ ಫೋನು ಮಾಡಿ ಕರೆಸಿದ್ದ. ಸೊಸೆಯ ಅಣ್ಣ ಬಂದನೆಂದು ಬೈರಮ್ಮ ನಾಟಿಕೋಳಿ ಕುಯ್ಯಿಸಿದಳು. ಬಾಲರಾಜು ಸಾರು ಚೆನ್ನಾಗಿದೆ ಎಂದು ಮೂರು ಸಲ ಹಾಕಿಸಿಕೊಂಡು, ಕೈ ತೊಳೆದು, ಎಲೆಅಡಿಕೆ ಹಾಕಿಕೊಂಡು, ಆಮೇಲೆ ತಂಗಿಯನ್ನು ಹಿತ್ತಲಿಗೆ ಕರೆದ. ಗಂಡಸು ಏನೋ ಒಂದು ಮಾತು ಅನ್ನುತ್ತಾನೆ, ಹೆಂಗಸು ಅದನ್ನು ಹಿಡಿದು ಜಗ್ಗಬಾರದು, ನಮ್ಮ ಮನೆತನದ ಹೆಸರೂ ಇದರಲ್ಲಿದೆ ಎಂದೆಲ್ಲ ಹೇಳಿದ. ಶ್ವೇತ ಕೊನೆಯವರೆಗೂ ಕೇಳಿದಳು.

"ಅಣ್ಣ, ನಾಳೆ ನಾನು ಗಂಟು ಕಟ್ಕೊಂಡು ನಿಮ್ಮನೆಗೆ ಬಂದ್ರೆ ಒಂದ್ ಕೋಣೆ ಕೊಟ್ಟೀಯಾ?"

ಬಾಲರಾಜು ಕೆಮ್ಮಿದ. ಮಕ್ಕಳ ಪರೀಕ್ಷೆ, ಹೆಂಡತಿಯ ಮಂಡಿನೋವು, ಮೇಲಿನ ಕೋಣೆಗೆ ಇನ್ನೂ ಟೈಲ್ಸ್ ಹಾಕಿಸಿಲ್ಲ ಎಂದ.

"ಅಷ್ಟೇಯಾ. ಹಂಗಾರೆ ಎಲೆಅಡಿಕೆ ಉಗುದು ಬಸ್ಸಿಗೆ ಹೊಂಡು. ಕೊನೇ ಬಸ್ಸು ತಪ್ಪೀತು."

ಬಾಲರಾಜು ಹೊರಟ. ಹೋಗುವಾಗ ಭಾವನ ಹತ್ತಿರ, ಒಸಿ ಬಿಗಿ ಹಿಡೀಬೇಕು ಬಾವ, ಸಲುಗೆ ಜಾಸ್ತಿಯಾಗಿದೆ ಎಂದು ಹೇಳಿಹೋದದ್ದು ಅಡಿಗೆಮನೆಗೆ ಕೇಳಿಸಿತು.

ಎಲ್ಲರಿಗಿಂತ ಹೆಚ್ಚು ನಾಚಿಕೆಪಟ್ಟವಳು ನವ್ಯಶ್ರೀ. ಅವಳ ಬೀರುವಿನಲ್ಲಿ ಅರವತ್ತು ಚಿಲ್ಲರೆ ಟಾಪುಗಳಿದ್ದವು, ಎಲ್ಲವೂ ಫೋನಿನಲ್ಲಿ ಆರಿಸಿ ಮನೆಬಾಗಿಲಿಗೆ ತರಿಸಿಕೊಂಡವು. ಅಮ್ಮ ಬಸ್‌ಸ್ಟಾಪಿನ ಹತ್ತಿರ ಹುಲ್ಲಿನ ಹೊರೆ ಹೊತ್ತು ಬರುವಾಗ ಗೆಳತಿಯರು ಕಂಡರೆ ಎಂದು ಒಂದು ಸ್ಟಾಪು ಮೊದಲೇ ಇಳಿದು ನಡೆದು ಬರುತ್ತಿದ್ದಳು. ಪಕ್ಕೆಯ ಪಟ್ಟೆಗಳನ್ನು ತೋರಿಸಿ, ಅಮ್ಮ ಅದು ಆಟೋ ಥರ ಕಾಣುತ್ತೆ ಎಂದಳು ಒಮ್ಮೆ.

ಮೂರನೇ ವಾರ ಅವಳದೇ ಒಂದು ಟಾಪು ಕಾಲೇಜಿಗೆ ಹೋಗುವ ಬಸ್ಸಿನಲ್ಲಿ, ಕಂಬಿ ಹಿಡಿಯಲು ಕೈ ಎತ್ತಿದಾಗ, ಕಂಕುಳಿನಿಂದ ಸೊಂಟದವರೆಗೆ ಬಿಚ್ಚಿಕೊಂಡಿತು. ಬ್ಯಾಗನ್ನು ಎದೆಗೆ ಅವುಚಿಕೊಂಡು ಅಲ್ಲೇ ಇಳಿದು ವಾಪಸು ಬಂದಳು. ಶ್ವೇತ ಟಾಪನ್ನು ಬಿಸಿಲಿಗೆ ಹಿಡಿದು ಒಳಹೊಲಿಗೆ ನೋಡಿದಳು. ಅಂಗುಲಕ್ಕೆ ಐದು ಹೊಲಿಗೆಯೂ ಇರಲಿಲ್ಲ; ಒಳಗೆ ಬಿಟ್ಟ ಬಟ್ಟೆ ಅಕ್ಕಿಕಾಳಿನಷ್ಟು. ಹೊಲಿದವರು ಹೊಟ್ಟೆಪಾಡಿಗೆ ಹೊಲಿದಿದ್ದಾರೆ, ಕೊಂಡವರು ಕಣ್ಣುಮುಚ್ಚಿ ಕೊಂಡಿದ್ದಾರೆ, ಇದಕ್ಕೆ ಏನು ಕೊಟ್ಟೆ ಎಂದು ಕೇಳಿದಳು. ನವ್ಯಶ್ರೀ ಏಳುನೂರು ಎಂದಳು. ಶ್ವೇತ ಟಾಪನ್ನು ಅವಳ ತೊಡೆಯ ಮೇಲೆ ಹಾಕಿ, ಸೂಜಿಗೆ ದಾರ ಪೋಣಿಸಿ ಕೈಗೆ ಕೊಟ್ಟು, ತಾನು ಸೊಪ್ಪು ಬಿಡಿಸಲು ಕೂತಳು.

"ನಂಗೆ ಬರಲ್ಲ ಅಮ್ಮ."

"ಗೊತ್ತು. ಕೂತ್ಕೊ, ಹೇಳ್ತೀನಿ."

ಆ ಟಾಪು ಹೊಲಿಯಲು ನವ್ಯಶ್ರೀಗೆ ಸಂಜೆಯಾಯಿತು. ಅರ್ಧಕ್ಕಿಂತ ಹೆಚ್ಚನ್ನು ಶ್ವೇತ ಎರಡು ಸಲ ಬಿಚ್ಚಿಸಿದಳು. ಮಾರನೆಯ ದಿನದಿಂದ ನವ್ಯಶ್ರೀ ತಮ್ಮ ಸ್ಟಾಪಿನಲ್ಲೇ ಇಳಿದಳು.

ಇದೆಲ್ಲ ಬೈರಮ್ಮನ ಕಣ್ಣಿಗೆ ಬೀಳದೆ ಇರಲಿಲ್ಲ. ಮೊಮ್ಮಗಳೂ ಕೈತಪ್ಪುತ್ತಾಳೆ ಎಂದು ಅವಳಿಗೆ ಅನಿಸಿರಬೇಕು. ಒಂದು ಬುಧವಾರ ಶ್ವೇತ ಹೊಲದಲ್ಲಿದ್ದಾಗ, ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಗೌಸ್ ಮೊಪೆಡ್ಡಿನಲ್ಲಿ ಬೀದಿಗೆ ಬಂದ. ಬೈರಮ್ಮ ಸೊಸೆಯ ಕೋಣೆಗೆ ಹೋಗಿ, ಒಣಗಿಸಿ ಮಡಿಸಿಟ್ಟಿದ್ದ ಮೂರು ಚೂಡಿದಾರ್, ರವಿಕೆ, ಲಂಗ, ಹತ್ತಿ ಸೀರೆ, ಸ್ವೆಟರ್ ಎಲ್ಲವನ್ನೂ ಬಾಚಿ ತಂದು ಅವನಿಗೆ ಹಾಕಿ, ಒಂದು ಸ್ಟೀಲ್ ಬೋಗುಣಿ ಈಸಿಕೊಂಡಳು. ಚೌಕಾಶಿ ಮಾಡಿ ಅದರ ಜೊತೆಗೆ ಒಂದು ಚಮಚವನ್ನೂ.

ಶ್ವೇತ ಬಂದಾಗ ಅತ್ತೆ ಹೊಸ ಬೋಗುಣಿಯಲ್ಲಿ ಅವರೆಕಾಳು ನೆನೆಹಾಕಿ ಎದುರಿಗೇ ಇಟ್ಟುಕೊಂಡು ಕೂತಿದ್ದಳು. ಕೋಣೆಗೆ ಹೋಗಿ ಬಂದ ಶ್ವೇತ ಬಟ್ಟೆ ಎಲ್ಲಿ ಎಂದು ಕೇಳಿದಳು.

"ಇಗಾ, ಐತಲ್ಲ," ಎಂದು ಬೈರಮ್ಮ ಬೋಗುಣಿಯ ಅಂಚನ್ನು ಉಗುರಿನಿಂದ ಟಣ್ ಅನ್ನಿಸಿದಳು. "ಅಷ್ಟಕ್ಕಾದ್ರೂ ಬಂತು ನಿನ್ ಹೊಲಿಗೆ."

ಶ್ವೇತ ಕಾಳನ್ನು ನೀರಿನ ಸಮೇತ ಹಳೇ ಪಾತ್ರೆಗೆ ಸುರಿದಳು. ಬೋಗುಣಿ ಒರೆಸಿಕೊಂಡಳು. ಚಮಚ ಕೊಡಿ ಅತ್ತೆ ಎಂದು ಕೈ ನೀಡಿದಳು. ಬೈರಮ್ಮ ಯಾಕೆ ಕೊಟ್ಟಳೋ ಅವಳಿಗೇ ತಿಳಿಯಲಿಲ್ಲ, ಕೊಟ್ಟಳು.

ದೊಡ್ಡಮಳೂರಿನ ಹತ್ತಿರದ ತಮ್ಮ ಸ್ಟಾಪಿನಲ್ಲಿ ಶ್ವೇತ ಬಸ್ಸು ಹತ್ತಿದಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ್ದರಿಂದ ಟಿಕೇಟಿಗೂ ಗಂಡನ ದುಡ್ಡು ಬೇಕಾಗಲಿಲ್ಲ. ಮೈಮೇಲೆ ಹೊಲದ ಮಣ್ಣು ಮೆತ್ತಿದ ಹಸಿರು ಚೂಡಿದಾರ್, ಬರಿಗಾಲು, ತೊಡೆಯ ಮೇಲೆ ಬೋಗುಣಿ. ಚನ್ನಪಟ್ಟಣದಲ್ಲಿ ನಾಲ್ಕು ಕಡೆ ಕೇಳಿ, ಪೇಟೆಯ ಹಿಂದೆ ಒಂದು ಶೀಟಿನ ಗೋದಾಮಿನಲ್ಲಿ ಗೌಸನನ್ನು ಹಿಡಿದಳು. ಅವನು ಬಟ್ಟೆಗಳನ್ನು ಗುಡ್ಡೆ ಗುಡ್ಡೆಯಾಗಿ ಬೇರೆ ಮಾಡುತ್ತಿದ್ದ: ಒರೆಸಲು ಗ್ಯಾರೇಜಿಗೆ ಹೋಗುವವು, ಸಂತೆಗೆ ಹೋಗುವವು. ಅವಳ ಬಟ್ಟೆಗಳು ಎರಡರಲ್ಲೂ ಇರಲಿಲ್ಲ. ಒಂದು ಕುರ್ಚಿಯ ಮೇಲೆ ಬೇರೆಯಾಗಿದ್ದವು.

"ಇದು ಗುಡ್ಡೆಗೆ ಹಾಕೋ ಮಾಲಲ್ಲ ಅಂತ ನೋಡಿದ ಕೂಡ್ಲೇ ಗೊತ್ತಾಯ್ತು ಅಕ್ಕ," ಎಂದ ಗೌಸ್. ತನ್ನ ಮಗಳು ಜಾರಾ ಕೂಡ ಅತಿಯಾ ಆಪಾ ಹತ್ತಿರ ಕಲಿಯುತ್ತಿದ್ದಾಳೆ, ಒಳಗೆ ಇಷ್ಟು ಬಟ್ಟೆ ಬಿಟ್ಟು ಹೊಲಿಯುವವರು ಈ ಪೇಟೆಯಲ್ಲಿ ಇನ್ಯಾರೂ ಇಲ್ಲ, ಆಪಾಗೆ ತೋರಿಸೋಣ ಎಂದು ಎತ್ತಿಟ್ಟಿದ್ದೆ ಎಂದ. ಒಂದು ಚೂಡಿದಾರ್ ಮಾತ್ರ ದಾರಿಯಲ್ಲೇ ಮಾರಿಹೋಗಿತ್ತು. ಹಾರೋಹಳ್ಳಿ ಕಡೆ ಕೆಲಸಕ್ಕೆ ಹೋಗುವ ಒಬ್ಬಳು ಕೊಂಡಿದ್ದಳಂತೆ. ಅದಕ್ಕೆ ಬದಲಾಗಿ ಚಮಚ ನೀವೇ ಇಟ್ಟುಕೊಳ್ಳಿ ಎಂದ. ಶ್ವೇತ ಬೋಗುಣಿಯ ಜೊತೆ ಚಮಚವನ್ನೂ ವಾಪಸು ಕೊಟ್ಟಳು.

ಅಲ್ಲಿಂದ ಎರಡು ಬೀದಿ ದಾಟಿದರೆ ಅತಿಯಾಳ ಮನೆ. ಇಪ್ಪತ್ತು ವರ್ಷದಲ್ಲಿ ಶ್ವೇತ ಆ ಬೀದಿಯ ಪಕ್ಕದಲ್ಲೇ ಎಷ್ಟೋ ಸಲ ಕಾರಿನಲ್ಲಿ ಹೋಗಿದ್ದಳು, ಒಮ್ಮೆಯೂ ಇಳಿದಿರಲಿಲ್ಲ. ಮಹಡಿಯ ಮೇಲೆ ಆರು ಮಿಷನ್ನುಗಳು ಓಡುತ್ತಿದ್ದವು; ಸ್ಕೂಲು ಯೂನಿಫಾರ್ಮಿನ ಕಾಲ. ಅತಿಯಾ ದಪ್ಪ ಕನ್ನಡಕ ಹಾಕಿಕೊಂಡು, ಮುದುಕಿಯಾಗಿ, ಕತ್ತರಿಸುವ ಮೇಜಿನ ಹಿಂದೆ ನಿಂತಿದ್ದಳು. ಗುರುತು ಹಿಡಿದದ್ದು ಮುಖವನ್ನಲ್ಲ, ಚೂಡಿದಾರನ್ನು. ಹತ್ತಿರ ಕರೆದು ಪಕ್ಕೆಯ ಕೈಹೊಲಿಗೆಯನ್ನು ಬೆರಳಿನಿಂದ ಸವರಿದಳು. ಶ್ವೇತ ಏನಾದರೂ ಒಳ್ಳೆಯ ಮಾತು ಬರುತ್ತದೆಂದು ಕಾದಳು.

"ಕೈ ಕೆಟ್ಟೋಗಿದೆ ನಿಂದು," ಎಂದಳು ಅತಿಯಾ. "ಈ ಹೊಲಿಗೆ ನೋಡು, ಕುಡುಕ ನಡ್ದಂಗೆ ಐತೆ. ಇಪ್ಪತ್ತು ವರ್ಷ ಏನ್ಮಾಡ್ತಿದ್ದೆ?"

"ಶರ್ಟಿಗೆ ಗಂಜಿ ಹಾಕ್ತಿದ್ದೆ ಆಪಾ."

ಮಿಷನ್ನಿನ ಹಿಂದಿನ ಹುಡುಗಿಯರು ನಕ್ಕರು. ಅತಿಯಾ ನಗಲಿಲ್ಲ. ಸೋಮವಾರದಿಂದ ಬಾ, ಮೊದಲ ಹದಿನೈದು ದಿನ ಬರೀ ಕಾಜ ಗುಂಡಿ, ಕೈ ಹಿಡಿತಕ್ಕೆ ಬಂದಮೇಲೆ ಮಿಷನ್ನು ಎಂದಳು.

ಶ್ವೇತ ಸಂಜೆ ಮನೆಗೆ ಬಂದಾಗ ಸುದ್ದಿ ಮೊದಲೇ ಬಂದಿತ್ತು. ಅನಂತರಾಜು ನಡುಮನೆಯಲ್ಲಿ ನಿಂತಿದ್ದ, ಗಂಜಿಯ ಶರ್ಟು ಬೆವರಿಗೆ ಮೈಗಂಟಿತ್ತು. ಡೈರಿ ಓಟಿಗೆ ಇಪ್ಪತ್ತು ದಿನ ಇರುವಾಗ ಹೆಂಡತಿ ಭಿಕ್ಷೆಯವಳ ಥರ ಬೋಗುಣಿ ಹಿಡಿದು ಗುಜರಿ ಗೋದಾಮಿಗೆ ಹೋದಳೆಂದು ಹೋಟೆಲಿನಲ್ಲಿ ಎಲ್ಲರೂ ಕೇಳಿದರಂತೆ. ಬಾಯಿಗೆ ಬಂದದ್ದೆಲ್ಲ ಬೈದ. ಶ್ವೇತ ಬಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದಾಗಿ ಮಡಿಸುತ್ತ ಕೂತಳು. ಸೋಮವಾರದಿಂದ ಹೊಲಿಗೆ ಕೆಲಸಕ್ಕೆ ಹೋಗುತ್ತೇನೆಂದೂ ಹೇಳಿದಳು. ಅನಂತರಾಜುವಿಗೆ ಇನ್ನು ತಡೆಯಲಾಗಲಿಲ್ಲ.

"ಈ ಮನೇಲಿರ್ಬೇಕು ಅಂದ್ರೆ ನಾನು ತಂದಿದ್ದು ಉಡ್ಬೇಕು. ಇಲ್ಲಾಂದ್ರೆ ಇವತ್ತೇ ಹೊಂಟೋಗು."

ಮುನಿಯಪ್ಪ ಗೋಡೆಗೊರಗಿ ಕಾಫಿ ಕುಡಿಯುತ್ತಿದ್ದ. ಆ ಮನೆಯಲ್ಲಿ ಅವನು ಊಟಕ್ಕೆ, ಕಾಫಿಗೆ ಬಿಟ್ಟು ಬಾಯಿ ತೆರೆದದ್ದನ್ನು ಜನ ಮರೆತಿದ್ದರು. ಅವನ ಮೂರೆಕರೆ ಹಿಪ್ಪುನೇರಳೆ ತೋಟ ಹೆದ್ದಾರಿಗೆ ಹೋಗಿ ಪರಿಹಾರದ ದುಡ್ಡು ಬಂದಮೇಲೆ, ದುಡ್ಡಿನ ಜೊತೆಗೆ ಮಾತೂ ಮಗನ ಕೈಗೆ ಹೋಗಿತ್ತು. ಲೋಟ ಕೆಳಗಿಟ್ಟು ಕೇಳಿದ.

"ಅನಂತ, ಆ ಶರ್ಟು ಎಲ್ ತಂದ್ಯಲಾ?"

"ಬೆಂಗ್ಳೂರಲ್ಲಿ. ಯಾಕೆ?"

"ಯಾವ್ ದುಡ್ಡಲ್ಲಿ?"

ಅನಂತರಾಜು, ಅಪ್ಪ ನೀನು ಸುಮ್ಕಿರು, ನಿನಗೆ ಇದೆಲ್ಲ ತಿಳಿಯಲ್ಲ ಎಂದ.

"ರೋಡಿಗೋಗಿದ್ದು ನನ್ ತೋಟ ಕಣ್ಲಾ. ನಲವತ್ತು ವರ್ಷ ಸೊಪ್ಪು ಕುಯ್ದಿದ್ದು ನಾನು, ನಿಮ್ಮವ್ವ. ನೀನು ಒಂದಿನ ಹುಳಕ್ಕೆ ಸೊಪ್ಪಾಕ್ಲಿಲ್ಲ, ನಾತ ಅಂತಿದ್ದೆ. ಆ ಕಾರು ನಂದು, ಆ ಶರ್ಟೂ ನಂದೇಯ. ಬಿಚ್ಚು."

ಅನಂತರಾಜು ಮೊದಲು ನಗಲು ನೋಡಿದ. ಮಗಳು ಬಾಗಿಲಲ್ಲಿ ನಿಂತಿದ್ದಳು.

"ಬಿಚ್ಚಲಾ," ಎಂದ ಮುನಿಯಪ್ಪ ಮತ್ತೆ, ಅದೇ ಮೆಲ್ಲನೆ ದನಿಯಲ್ಲಿ. "ನಿಂದು ಅಂತ ಏನೈತೋ ಅದ್ನ ಹಾಕ್ಕೊಂಡು ಹೊರಗೋಗು, ನೋಡಣ."

ಅನಂತರಾಜುವಿನ ಕೈ ತನ್ನಷ್ಟಕ್ಕೆ ಮೇಲಿನ ಗುಂಡಿಗೆ ಹೋಗಿ ಅಲ್ಲೇ ನಿಂತಿತು. ಬೈರಮ್ಮ ಗಂಡನಿಗೆ ಅರಳುಮರಳು ಎಂದು ಕೂಗಾಡಿದಳು, ಹೆತ್ತ ಮಗನನ್ನು ಹೀಗೆ ಅನ್ನುವುದೇ ಎಂದು ಎದೆ ಬಡಿದುಕೊಂಡಳು. ಮುನಿಯಪ್ಪ ಅವಳ ಕಡೆ ತಿರುಗಲಿಲ್ಲ. ಅನಂತರಾಜು ಕಾರಿನ ಬೀಗದ ಕೈಗೆಂದು ಮೊಳೆಯ ಹತ್ತಿರ ಹೋಗಿ, ಅದನ್ನು ಮುಟ್ಟದೆ, ನಡೆದುಕೊಂಡೇ ಹೊರಗೆ ಹೋದ. ಶ್ವೇತ ಅವನನ್ನು ನೋಡಿದಳು. ಇಷ್ಟು ವರ್ಷ ಅವನ ಮೇಲೆ ಸಿಟ್ಟಿತ್ತು, ಹೆದರಿಕೆಯಿತ್ತು. ಈಗ ಹುಡುಕಿದರೆ ಎರಡೂ ಇರಲಿಲ್ಲ. ಇದ್ದದ್ದು ಅಳತೆ ತಪ್ಪಿ ಹೊಲಿದ ಬಟ್ಟೆಯನ್ನು ಕಂಡರೆ ಅತಿಯಾ ಆಪಾ ಮುಖದಲ್ಲಿ ಬರುತ್ತಿದ್ದ ಭಾವನೆ ಮಾತ್ರ. ಬಿಚ್ಚಿ ಮತ್ತೆ ಹೊಲಿಯೋಣವೆಂದರೆ ಒಳಗೆ ಬಟ್ಟೆಯೇ ಬಿಟ್ಟಿಲ್ಲ.

ಸೋಮವಾರದಿಂದ ಅವಳು ಕೆಲಸಕ್ಕೆ ಹೊರಟಳು. ಬೆಳಿಗ್ಗೆ ಹಾಲು ಕರೆದು, ಅಡಿಗೆ ಮುಗಿಸಿ ಹೋಗುತ್ತಿದ್ದಳು. ಗಂಜಿ ಹಾಕುವುದನ್ನು ಮಾತ್ರ ಬಿಟ್ಟಳು. ಬೈರಮ್ಮ ಒಂದು ವಾರ ಮಗನ ಶರ್ಟುಗಳಿಗೆ ತಾನೇ ಗಂಜಿ ಹಾಕಿದಳು. ಸೊಂಟ ಹಿಡಿದುಕೊಂಡ ಮೇಲೆ ಅವಳೂ ಬಿಟ್ಟಳು. ಅನಂತರಾಜು ಸೊಟ್ಟಪಟ್ಟ ಕಾಲರಿನಲ್ಲೇ ಓಟು ಕೇಳಿದ. ಹಾಲು ಹಾಕುವವರಲ್ಲಿ ಮುಕ್ಕಾಲು ಪಾಲು ಹೆಂಗಸರು. ಎದುರಿಗೆ ಆಗಲಿ ಅಣ್ಣ, ಹಾಕ್ತೀವಿ ಎಂದರು. ಹನ್ನೊಂದು ಓಟಿನಲ್ಲಿ ಸೋತ.

ಮೊದಲ ಹದಿನೈದು ದಿನದ ಕೂಲಿಯಲ್ಲಿ ಶ್ವೇತ ಒಂದು ಜೊತೆ ರಬ್ಬರ್ ಚಪ್ಪಲಿ ಕೊಂಡಳು. ಆಮೇಲೆ ನೀಲಿ ಹತ್ತಿ ಬಟ್ಟೆ ಎರಡೂವರೆ ಮೀಟರು ತಂದು ಅತಿಯಾಳ ಮೇಜಿನ ಮೇಲೆ ತಾನೇ ಕತ್ತರಿಸಿದಳು.

ಸೋತವನಿಗೆ ಗೆಳೆಯರು ಬುದ್ಧಿ ಹೇಳಿದರು. ಮುಂದೆ ಪಂಚಾಯ್ತಿ ಎಲೆಕ್ಷನ್ ಬರುತ್ತದೆ, ಮನೆ ಸರಿಮಾಡಿಕೋ, ಹೆಂಡತಿಗೆ ಒಂದು ಒಳ್ಳೇ ರೇಷ್ಮೆ ಸೀರೆ ಕೊಡಿಸಿ ಜೊತೆಯಲ್ಲಿ ನಾಲ್ಕು ಕಡೆ ಓಡಾಡು ಎಂದರು. ಒಂದು ಶನಿವಾರ ಬೆಳಿಗ್ಗೆ ಅನಂತರಾಜು ಇಬ್ಬರು ಗೆಳೆಯರನ್ನು ಸಾಕ್ಷಿಗೆಂಬಂತೆ ಜಗುಲಿಯ ಮೇಲೆ ಕೂರಿಸಿ, ಪೆಟ್ಟಿಗೆಯೊಂದನ್ನು ತಂದು ಶ್ವೇತಳ ಮುಂದೆ ಬಿಚ್ಚಿದ. ಕೆಂಪಂಚಿನ ಹಳದಿ ಸೀರೆ. ಪ್ಯೂರ್ ರೇಷ್ಮೆ, ಹದಿನೆಂಟು ಸಾವಿರ ಎಂದು ಜಗುಲಿಗೆ ಕೇಳುವ ಹಾಗೆ ಹೇಳಿದ. ದನಿ ತಗ್ಗಿಸಿ, ಆದದ್ದು ಆಯಿತು, ಉಡು ಎಂದ. ಬೈರಮ್ಮ ಕೈ ಒರೆಸಿಕೊಂಡು ಹತ್ತಿರ ಬಂದಳು.

ಶ್ವೇತ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದಳು. ಎಡಗೈಯಿಂದ ಸೀರೆಯ ಮಡಿಕೆ ಎತ್ತಿ ಹಿಂಭಾಗ ನೋಡಿ, ಮತ್ತೆ ಕೆಳಗಿಟ್ಟು, ಡಬ್ಬಿಯ ಮುಚ್ಚಳ ಒತ್ತಿದಳು. ಅನಂತರಾಜುವಿಗೆ ರೇಗಿತು. ಹದಿನೆಂಟು ಸಾವಿರದ ರೇಷ್ಮೆಯನ್ನು ಹೀಗೆ ಬಿಸಾಕುತ್ತಾಳಲ್ಲ, ನೀನಾದರೂ ಹೇಳಪ್ಪ ಎಂದು ಸೀರೆಯನ್ನು ಮುನಿಯಪ್ಪನ ತೊಡೆಯ ಮೇಲೆ ಹಾಕಿದ.

ಮುನಿಯಪ್ಪ ಸೆರಗಿನ ತುದಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒಂದು ಸಲ ಉಜ್ಜಿದ. ಇನ್ನೊಂದು ಸಲ ಉಜ್ಜಬೇಕಾಗಲಿಲ್ಲ.

"ಇದು ಹುಳದ ಮುಖ ಕಂಡಿದ್ದಲ್ಲ ಕಣ್ಲಾ," ಎಂದ.

ಜಗುಲಿಯ ಮೇಲಿದ್ದವರಲ್ಲಿ ಒಬ್ಬ ಕೆಮ್ಮಿದ, ಇನ್ನೊಬ್ಬ ರಸ್ತೆಯ ಕಡೆ ತಿರುಗಿದ. ಮುನಿಯಪ್ಪ ಬೆರಳುಗಳನ್ನು ಟವೆಲ್ಲಿಗೆ ಒರೆಸಿಕೊಂಡು, ಬಸ್ಸಿನ ಹೊತ್ತಾಯಿತಲ್ಲವ್ವ ಎಂದು ಸೊಸೆಗೆ ನೆನಪು ಮಾಡಿದ. ಶ್ವೇತ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಹೊಸಲು ದಾಟಿ ಚಪ್ಪಲಿ ಮೆಟ್ಟಿದಳು.